ಸಮಾಪನೆಯ ಆದೇಶ ಮತ್ತು ಮೇಲ್ಮನವಿ: ಕಂಪನಿಯ ಪರವಾಗಿ ನಿಲ್ಲುವವರು ಯಾರು?

ಕಂಪನಿಯನ್ನು ಮುಚ್ಚುವ ಆದೇಶ ಹೊರಬಿದ್ದೊಡನೆ ಅದರ ಆಸ್ತಿಯೂ ಲೆಕ್ಕಪತ್ರಗಳೂ ಸಮಾಪಕನ (ಲಿಕ್ವಿಡೇಟರನ) ವಶಕ್ಕೆ ಹೋಗುತ್ತವೆ. 2013ರ ಕಂಪನಿ ಕಾಯ್ದೆಯ 277ನೇ ಕಲಮಿನಂತೆ ಆ ಆದೇಶವೇ ಅಧಿಕಾರಿಗಳಿಗೂ ನೌಕರರಿಗೂ ಬಿಡುಗಡೆಯ ನೋಟೀಸು. ಕಂಪನಿಯ ಹೆಸರಿನಲ್ಲಿ ದಾವೆ ಹೂಡುವ, ಎದುರಿಸುವ ಅಧಿಕಾರ 290ನೇ ಕಲಮಿನಂತೆ ಸಮಾಪಕನದು. ಇವೆರಡನ್ನೂ ಕೂಡಿಸಿ, ಹಳೆಯ ನಿರ್ದೇಶಕರು ಕಂಪನಿಯ ಹೆಸರಿನಲ್ಲಿ ಮೇಲ್ಮನವಿ ಸಲ್ಲಿಸುವಂತಿಲ್ಲ ಎಂದು ವಾದಿಸುವುದುಂಟು. ಆ ವಾದ ನಿಲ್ಲುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಉಳಿದುದರಲ್ಲಿ ತಕರಾರಿಲ್ಲ. ನೊಂದ ಯಾರೇ ಆಗಲಿ 421ನೇ ಕಲಮಿನಡಿ 45 ದಿನಗಳೊಳಗೆ ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಸಕಾರಣವಿದ್ದರೆ ಇನ್ನೂ 45 ದಿನ ಸಿಗುತ್ತದೆ. ಅಲ್ಲಿಂದ ಸುಪ್ರೀಂ ಕೋರ್ಟಿಗೆ 60 ದಿನ, ಅದೂ ಕಾನೂನಿನ ಪ್ರಶ್ನೆಯ ಮೇಲೆ ಮಾತ್ರ. 1956ರ ಕಾಯ್ದೆಯಲ್ಲಿ ಹೈಕೋರ್ಟಿನ ಕಂಪನಿ ನ್ಯಾಯಾಧೀಶರಿಂದ ವಿಭಾಗೀಯ ಪೀಠಕ್ಕೆ 483ನೇ ಕಲಮಿನ ದಾರಿಯಿತ್ತು.

ದೇವಾಸ್ ಮಲ್ಟಿಮೀಡಿಯಾ ಪ್ರಕರಣವನ್ನು ನೋಡಿ. ಇಸ್ರೋದ ವಾಣಿಜ್ಯ ಅಂಗವಾದ ಆಂಟ್ರಿಕ್ಸ್ ಜೊತೆ 28 ಜನವರಿ 2005ರಂದು ದೇವಾಸ್ ಕಂಪನಿ ಮಾಡಿಕೊಂಡ ಒಪ್ಪಂದ 2011ರಲ್ಲಿ ರದ್ದಾಯಿತು. 2015ರ ಮಧ್ಯಸ್ಥಿಕೆ ತೀರ್ಪು ದೇವಾಸಿಗೆ 56.25 ಕೋಟಿ ಡಾಲರ್ ಮತ್ತು ಬಡ್ಡಿ ಕೊಡಿಸಿತು. 2021ರ ಜನವರಿಯಲ್ಲಿ ಆಂಟ್ರಿಕ್ಸ್ ವಂಚನೆಯ ಆರೋಪ ಹೊರಿಸಿ ಸಮಾಪನೆ ಕೋರಿತು. ಬೆಂಗಳೂರಿನ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ 25 ಮೇ 2021ರಂದು 271(ಸಿ) ಕಲಮಿನಡಿ ಆದೇಶಿಸಿತು. ಸೆಪ್ಟೆಂಬರ್ 8ರಂದು ಮೇಲ್ಮನವಿ ನ್ಯಾಯಮಂಡಳಿಯೂ, 17 ಜನವರಿ 2022ರಂದು ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿದವು. ಒಂದು ವರ್ಷದಲ್ಲಿ ಮೂರು ಮೆಟ್ಟಿಲು! ಈ ತೀರ್ಪಿನ ಚರ್ಚೆಯೆಲ್ಲ ಮಧ್ಯಸ್ಥಿಕೆಯ ಗತಿಯೇನು ಎಂಬುದರ ಸುತ್ತಲೇ ನಡೆದಿದೆ. ನನಗೆ ಮುಖ್ಯವಾಗಿ ಕಂಡದ್ದು ಬೇರೆ: ಸುಪ್ರೀಂ ಕೋರ್ಟಿನ ಮುಂದಿದ್ದ ಎರಡು ಮೇಲ್ಮನವಿಗಳಲ್ಲಿ ಒಂದು ಷೇರುದಾರ ಸಂಸ್ಥೆಯದು, ಇನ್ನೊಂದು ಸ್ವತಃ ಕಂಪನಿಯದು, ಅದರ ಮಾಜಿ ನಿರ್ದೇಶಕರ ಮೂಲಕ ಬಂದದ್ದು.

ಅದು ಬರಿಯ ಶೀರ್ಷಿಕೆಯ ವಿಷಯವಲ್ಲ. ಸಮಾಪಕ ತನ್ನ ನೇಮಕಕ್ಕೆ ಕಾರಣವಾದ ಆದೇಶವನ್ನೇ ಪ್ರಶ್ನಿಸಲಿ ಎಂದು ಕಾನೂನು ನಿರೀಕ್ಷಿಸಲಾರದು. ಅವನು ನ್ಯಾಯಮಂಡಳಿಯ ನಿರ್ದೇಶನದಂತೆ ನಡೆಯುವವನು. ಕಂಪನಿಯ ಬಾಯಿ ಅವನೊಬ್ಬನೇ ಎಂದರೆ ಕಂಪನಿಯ ಮಟ್ಟಿಗೆ 421ನೇ ಕಲಮು ಬರೀ ಕಾಗದ. 'ನೊಂದ ಯಾರೇ' ಎಂದಿರುವಾಗ ನಿರ್ದೇಶಕರು ಸ್ವಂತ ಹೆಸರಿನಲ್ಲೇ ಹೋಗಬಹುದಲ್ಲ ಎಂಬ ಪ್ರತಿವಾದವಿದೆ. ಹೋಗಬಹುದು, ಆದರೆ ನಿರ್ದೇಶಕನ ನಷ್ಟ ಹುದ್ದೆಯದು, ಷೇರುದಾರನ ನಷ್ಟ ಹೂಡಿಕೆಯದು. ಅಸ್ತಿತ್ವಕ್ಕೇ ಕುತ್ತು ಬಂದಿರುವುದು ಕಂಪನಿಗೆ. ಆ ಅಹವಾಲನ್ನು ಬೇರೆಯವರ ಅಹವಾಲಿನೊಳಗೆ ತುರುಕಲಾಗದು. ಇಂಗ್ಲೆಂಡಿನಲ್ಲಿ 1879ರ ಡೈಮಂಡ್ ಫ್ಯೂಯೆಲ್ ಪ್ರಕರಣದಿಂದಲೇ ಕಂಪನಿಗೆ ಈ ಹಕ್ಕಿದೆ. 1972ರಲ್ಲಿ ವರದಿಯಾದ ಯೂನಿಯನ್ ಆಕ್ಸಿಡೆಂಟ್ ಇನ್ಶೂರೆನ್ಸ್ ತೀರ್ಪು ಇದನ್ನು ನಿರ್ದೇಶಕರ 'ಉಳಿಕೆ ಅಧಿಕಾರ'ವೆಂದು ಗುರುತಿಸಿತು.

ನಮ್ಮ ಕರ್ನಾಟಕ ಹೈಕೋರ್ಟಿನ ರೂಢಿಯೂ ಭಿನ್ನವಲ್ಲ. ಕಿಂಗ್‌ಫಿಷರ್ ಏರ್‌ಲೈನ್ಸ್ ಸಾಲಕ್ಕೆ ಜಾಮೀನು ನಿಂತಿದ್ದ ಯುನೈಟೆಡ್ ಬ್ರೂವರೀಸ್ (ಹೋಲ್ಡಿಂಗ್ಸ್) ಸಮಾಪನೆಗೆ 7 ಫೆಬ್ರವರಿ 2017ರಂದು ಆದೇಶವಾಯಿತು. 6 ಮಾರ್ಚ್ 2020ರಂದು ವಿಭಾಗೀಯ ಪೀಠದಲ್ಲಿ, ಅದೇ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋಲುವವರೆಗೆ ಕಂಪನಿ ತನ್ನ ಹೆಸರಿನಲ್ಲೇ ಹೋರಾಡಿತು.

ಆದರೂ ಎಚ್ಚರ ಬೇಕು. ದೇವಾಸ್ ತೀರ್ಪು ನಿಂತಿರುವುದು ವಂಚನೆಯ ಪ್ರಶ್ನೆಯ ಮೇಲೆ, ಈ ಹಕ್ಕಿನ ಮೇಲಲ್ಲ. ಅದನ್ನು ರೂಢಿಗೆ ಸಾಕ್ಷಿಯೆನ್ನಬಹುದು, ಪೂರ್ವನಿದರ್ಶನವೆನ್ನಲಾಗದು. ಉಳಿಕೆ ಅಧಿಕಾರದ ವ್ಯಾಪ್ತಿಯೂ ಕಿರಿದು. ಸಮಾಪನೆಯ ಆದೇಶವನ್ನು ಪ್ರಶ್ನಿಸುವಷ್ಟಕ್ಕೆ ಅದು ಸಾಕು. ಕಂಪನಿಗೆ ಬರಬೇಕಾದ ಹಣ ವಸೂಲಿಗೆ, ಮಧ್ಯಸ್ಥಿಕೆ ತೀರ್ಪಿನ ಜಾರಿಗೆ ಅದು ಚಾಚುವುದಿಲ್ಲ ಎಂದೇ ತೋರುತ್ತದೆ. ವೆಚ್ಚವನ್ನೂ ಸಾಲ ಕೊಟ್ಟವರ ಪಾಲಿನ ಗಂಟಿನಿಂದ ತೆಗೆಯುವಂತಿಲ್ಲ. ಡೈಮಂಡ್ ಫ್ಯೂಯೆಲ್ ಕೂಡ ನಿರ್ದೇಶಕರಿಂದಲೇ ಭದ್ರತೆ ಕೇಳಿತ್ತು.

ಸಹಕಾರ ಸಂಘಗಳ ಮಾತು ಬಾಕಿಯಿದೆ. ವಿಜಯಪುರ ಜಿಲ್ಲೆಯ ಸಾಲೋಟಗಿ, ಇಂಡಿ ಕಡೆಯ ರೈತನಿಗೆ ಕಂಪನಿಗಿಂತ ಸಂಘದ ಷೇರು ಹತ್ತಿರದ್ದು. ಅಲ್ಲಿ ಸಮಾಪನೆಗೆ ಆದೇಶಿಸುವವರು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 72ನೇ ಕಲಮಿನಡಿ ನಿಬಂಧಕರು. ಅಧಿಕಾರ ಕಳೆದುಕೊಂಡ ಆಡಳಿತ ಮಂಡಳಿಗೂ ಸಂಘದ ಹೆಸರಿನಲ್ಲಿ ಮೇಲ್ಮನವಿ ಹೂಡುವ ಉಳಿಕೆ ಅಧಿಕಾರವಿದೆಯೇ ಎಂಬುದನ್ನು ಆ ಕಾಯ್ದೆಯ ಪಠ್ಯದಿಂದಲೇ ಬೇರೆಯಾಗಿ ಪರಿಶೀಲಿಸಬೇಕು.