ಬರದ ನಿಗಾ: ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿ

ಮಳೆ ಎಷ್ಟು ಬಿತ್ತು, ಹೊಳೆಯಲ್ಲಿ ಎಷ್ಟು ಹರಿಯಿತು, ಬಾವಿಯಲ್ಲಿ ಎಷ್ಟು ಉಳಿಯಿತು ಎಂಬ ಮೂರು ಲೆಕ್ಕಗಳನ್ನು ಒಟ್ಟಿಗಿಟ್ಟು, ಒಂದು ಸೀಮೆಗೆ ಬರಲಿರುವ ನೀರಿನ ಕೊರತೆಯನ್ನು ಮೊದಲೇ ಗುರುತಿಸುವ ಕೆಲಸಕ್ಕೆ ಬರದ ನಿಗಾ ಎನ್ನುತ್ತಾರೆ. ಉತ್ತರ ಕೊಂಕಣದ ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳಲ್ಲಿ ಈ ಮೂರು ಲೆಕ್ಕಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಮಳೆಯ ಪುಸ್ತಕ ನೋಡಿದರೆ ಸಮೃದ್ಧಿ, ಮೇ ತಿಂಗಳ ಬಾವಿ ನೋಡಿದರೆ ಬರ. ಮಳೆಯ ಪುಸ್ತಕವನ್ನೇ ನಂಬಿದ್ದ ಆಡಳಿತ ನಿಧಾನವಾಗಿ ಹೊಳೆಗೆ, ಆಮೇಲೆ ಬಾವಿಗೆ ಇಳಿದದ್ದೇ ಇಲ್ಲಿನ ನಿಗಾದ ಚರಿತ್ರೆ. ತಳದವರೆಗೆ ಇಳಿದಿದೆ ಎಂದು ಈಗಲೂ ಹೇಳುವಂತಿಲ್ಲ.

ಈ ಭಾಗದಲ್ಲಿ ವರ್ಷಕ್ಕೆ ಸುಮಾರು 2,500 ಮಿಲಿಮೀಟರ್ ಮಳೆ. ಪಕ್ಕದ ಮಾಥೇರಾನ್ ಗುಡ್ಡದ ಮೇಲೆ 5,000ದ ಆಸುಪಾಸು. ವಿಜಯಪುರದಲ್ಲಿ 600 ಬಿದ್ದರೆ ಒಳ್ಳೆಯ ವರ್ಷ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ವಾಡಿಕೆಗಿಂತ ಶೇ 19ರವರೆಗೆ ಹೆಚ್ಚು ಕಡಿಮೆಯಾದರೆ ಅದು ಸಾಮಾನ್ಯ ಮಳೆ, ಶೇ 20ರಿಂದ 59ರಷ್ಟು ತಗ್ಗಿದರೆ ಕೊರತೆ. ಅಂದರೆ ಠಾಣೆಯಲ್ಲಿ 2,000 ಮಿಲಿಮೀಟರ್ ಬಿದ್ದ ವರ್ಷ ಕೊರತೆಯ ವರ್ಷ. ಅದು ವಿಜಯಪುರದ ಮೂರು ವರ್ಷಗಳ ಮಳೆಗಿಂತ ಹೆಚ್ಚು! ಬರ ಬಿದ್ದ ವರ್ಷಗಳಲ್ಲಿ ವಿಜಯಪುರ, ಕಲಬುರಗಿ ಕಡೆಯಿಂದ ಗಂಟು ಕಟ್ಟಿಕೊಂಡು ಇಲ್ಲಿಗೆ ದುಡಿಯಲು ಬಂದ ಕನ್ನಡಿಗರಿಗೆ ಈ ಸಂಖ್ಯೆಗಳು ತಮಾಷೆಯಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ನಳದ ಮುಂದೆ ಕೊಡ ಸಾಲಿಟ್ಟು ಕಾಯುವುದು ಮಾತ್ರ ಎರಡೂ ಕಡೆ ಒಂದೇ.

ಮಳೆಯ ಪುಸ್ತಕ

ಮುಂಬಯಿಯ ಕೊಲಾಬಾ ವೀಕ್ಷಣಾಲಯ 1826ರದ್ದು. ದೇಶಕ್ಕೆಲ್ಲ ಒಂದೇ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ; ಅದರ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್. ಮರುವರ್ಷವೇ 1876–78ರ ಮಹಾಕ್ಷಾಮ ಶುರುವಾಯಿತು. ಮುಂಬಯಿ ಪ್ರಾಂತ್ಯದಲ್ಲಿ ಅದರ ಹೊಡೆತ ಬಿದ್ದದ್ದು ದಖನ್ನಿನ ಒಣಸೀಮೆಯ ಮೇಲೆ, ಅದರಲ್ಲೂ ಕಲಾದಗಿ ಜಿಲ್ಲೆಯ (ಇಂದಿನ ವಿಜಯಪುರ, ಬಾಗಲಕೋಟೆ ಭಾಗ) ಮೇಲೆ. ಠಾಣೆಯೂ ಕಲಾದಗಿಯೂ ಆಗ ಒಂದೇ ಪ್ರಾಂತ್ಯದಲ್ಲಿದ್ದವು, ಒಂದೇ ಬಗೆಯ ತಖ್ತೆ ತುಂಬಿ ಕಳಿಸುತ್ತಿದ್ದವು. 1880ರ ಕ್ಷಾಮ ಆಯೋಗದ ವರದಿಯ ನಂತರ ಮಳೆ, ಬೆಳೆ, ಧಾರಣೆಗಳ ವರದಿಗೆ ಶಿಸ್ತು ಬಂತು. ಕೊಂಕಣಕ್ಕೆ ಹೊಂದದ ಅಳತೆಗೋಲು ಕೊಂಕಣಕ್ಕೂ ಬಂದದ್ದು ಹೀಗೆ. ಕ್ಷಾಮದ ಕಾನೂನು ಬರೆಯುವವರ ಕಣ್ಣ ಮುಂದಿದ್ದದ್ದು ಜೋಳ ಒಣಗಿದ ಎರೆಭೂಮಿ. ಮಳೆಗಾಲವಿಡೀ ಗದ್ದೆಯಲ್ಲಿ ನೀರು ನಿಂತು, ಬೇಸಿಗೆಗೆ ಕುಡಿಯಲು ಹನಿಯಿಲ್ಲದ ಊರು ಅವರಿಗೆ ಹೊಳೆದಿರಲಿಲ್ಲ.

ತಾಲ್ಲೂಕು ಕಚೇರಿಯ ಅಂಗಳದಲ್ಲಿ ಇರುತ್ತಿದ್ದ ಸೈಮನ್ಸ್ ಮಳೆಮಾಪಕ ಸರಳವಾದ ಸಾಧನ. ಐದು ಇಂಚು, ಅಂದರೆ 127 ಮಿಲಿಮೀಟರ್ ಅಡ್ಡಳತೆಯ ಲೋಹದ ಆಲಿಕೆ, ಅದರ ಕೆಳಗೆ ಶೀಶೆ, ಅಳೆಯಲು ಗೆರೆ ಕೊರೆದ ಗಾಜಿನ ಲೋಟ. ಬೆಳಗ್ಗೆ ಎಂಟೂವರೆಗೆ ಶೀಶೆಯ ನೀರನ್ನು ಲೋಟಕ್ಕೆ ಬಗ್ಗಿಸಿ, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ಓದಿ, ಪುಸ್ತಕದಲ್ಲಿ ಬರೆಯಬೇಕು. ಕೊಂಕಣದ ಜುಲೈಯಲ್ಲಿ ಒಮ್ಮೆ ಬಗ್ಗಿಸಿ ಮುಗಿಯುವ ಮಾತಲ್ಲ. ಲೋಟ ತುಂಬಿ ಚೆಲ್ಲಿ, ಮತ್ತೆ ತುಂಬಿ, ಕೂಡಿಸುತ್ತಾ ಹೋಗಬೇಕು. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಬಿತ್ತು. ವಿಜಯಪುರದ ಒಂದೂವರೆ ವರ್ಷದ ಮಳೆ ಅದು. ಅದರಲ್ಲಿ ಎಷ್ಟು ನೆಲಕ್ಕೆ ಇಂಗಿತು, ಎಷ್ಟು ಸಮುದ್ರ ಸೇರಿತು ಎಂಬುದು ಆಲಿಕೆಗೆ ಗೊತ್ತಾಗುವುದಿಲ್ಲ.

ಬೆಳೆಯ ಕಡೆಯಿಂದ ಬರವನ್ನು ಅಳೆಯುವ ಪದ್ಧತಿ ಆಣೇವಾರಿ. ಒಳ್ಳೆಯ ವರ್ಷದ ಫಸಲನ್ನು ಹದಿನಾರಾಣೆ ಎಂದಿಟ್ಟುಕೊಂಡು, ಈ ವರ್ಷದ್ದು ಎಷ್ಟಾಣೆ ಎಂದು ಹೊಲ ನೋಡಿ ಹೇಳುವುದು. 1957ರಲ್ಲಿ ದಶಮಾನ ನಾಣ್ಯ ಬಂದ ಮೇಲೆ ಮಹಾರಾಷ್ಟ್ರದಲ್ಲಿ ಅದು ಪೈಸೇವಾರಿಯಾಯಿತು. ಐವತ್ತು ಪೈಸೆಗಿಂತ ಕೆಳಗಿಳಿದರೆ ಬರದ ಸೌಲಭ್ಯ. ಹಿಂದಿನ ಮುಂಬಯಿ ಕರ್ನಾಟಕದ ಹಿರಿಯ ರೈತರ ಬಾಯಲ್ಲಿ ಆಣೇವಾರಿ ಎಂಬ ಮಾತು ಇನ್ನೂ ಉಳಿದಿದೆ. ಭತ್ತದ ಕೊಂಕಣಕ್ಕೆ ಈ ಪದ್ಧತಿಯಿಂದ ಹೆಚ್ಚು ಉಪಯೋಗವಾಗಲಿಲ್ಲ. ಭತ್ತ ಹದಿನಾರಾಣೆ ಬಂದ ವರ್ಷವೂ ಠಾಣೆ ಜಿಲ್ಲೆಯ ಶಹಾಪುರದ ಬಾವಿ ಮಾರ್ಚಿಗೆ ಒಣಗಬಲ್ಲುದು.

ಉಲ್ಹಾಸ್: ಬೇಸಿಗೆಯಲ್ಲೂ ಬತ್ತದ ಹೊಳೆಯ ಗುಟ್ಟು

ಸಹ್ಯಾದ್ರಿಯಲ್ಲಿ ರಾಜಮಾಚಿಯ ಸುತ್ತಿನ ಕಣಿವೆಗಳಲ್ಲಿ ಹುಟ್ಟಿ, ಕರ್ಜತ್, ಬದ್ಲಾಪುರ, ಕಲ್ಯಾಣಗಳ ಮೂಲಕ ಹರಿದು ವಸಯಿ ಖಾಡಿ ಸೇರುವ ಉಲ್ಹಾಸ್ ನದಿಯ ಉದ್ದ 122 ಕಿಲೋಮೀಟರ್. ಕಾಳು, ಭಾತ್ಸಾ, ಬಾರವಿ ಇದರ ಉಪನದಿಗಳು. ಕಲ್ಯಾಣ, ಡೊಂಬಿವಲಿ, ಉಲ್ಹಾಸನಗರ, ಅಂಬರನಾಥ, ಬದ್ಲಾಪುರ, ಠಾಣೆಯ ದೊಡ್ಡ ಭಾಗ, ನವಿ ಮುಂಬಯಿಯ ಕೈಗಾರಿಕಾ ಪಟ್ಟಿ ಎಲ್ಲವೂ ಈ ನೀರನ್ನೇ ನೆಚ್ಚಿವೆ.

ಹೊಳೆಯ ಹರಿವನ್ನು ಅಳೆಯುವ ಕ್ರಮ ಎಲ್ಲೆಡೆ ಒಂದೇ. ದಡದಲ್ಲಿ ಗೆರೆ ಹಾಕಿದ ಕಂಬ ನೆಟ್ಟು ನೀರಿನ ಎತ್ತರ ಓದುವುದು, ಆಗಾಗ ವೇಗಮಾಪಕ ಇಳಿಸಿ ಹರಿವಿನ ವೇಗ ನೋಡುವುದು, ಎರಡನ್ನೂ ಸೇರಿಸಿ ಸೆಕೆಂಡಿಗೆ ಇಷ್ಟು ಘನ ಮೀಟರ್ ಎಂದು ಹೇಳುವುದು. ಕಲ್ಯಾಣದಲ್ಲಿ ಹೀಗೆ ಮಾಡಲು ಬರುವುದಿಲ್ಲ. ಅಲ್ಲಿಗೆ ದಿನಕ್ಕೆ ಎರಡು ಸಲ ಸಮುದ್ರದ ಭರತ ಏರಿ ಬರುತ್ತದೆ. ಕಂಬದ ಮೇಲಿನ ಗೆರೆ ಹೊಳೆಯ ನೀರನ್ನು ತೋರಿಸುತ್ತಿದೆಯೋ ಅರಬ್ಬಿ ಸಮುದ್ರವನ್ನೋ ತಿಳಿಯುವುದಿಲ್ಲ. ಹಾಗಾಗಿ ಕೇಂದ್ರ ಜಲ ಆಯೋಗದ ಅಳತೆ ಕೇಂದ್ರ ಇರುವುದು ಮೇಲ್ಗಡೆ, ಬದ್ಲಾಪುರದಲ್ಲಿ.

ಅಲ್ಲಿನ ಅಂಕಿಯನ್ನೂ ಎಚ್ಚರದಿಂದ ಓದಬೇಕು. ಸಹ್ಯಾದ್ರಿಯಿಂದ ಪಶ್ಚಿಮಕ್ಕಿಳಿಯುವ ಇಲ್ಲಿನ ಹೆಚ್ಚಿನ ಹೊಳೆಗಳು ಡಿಸೆಂಬರ್ ಕಳೆಯುವ ಹೊತ್ತಿಗೆ ಬರೀ ಬಂಡೆ. ಉಲ್ಹಾಸ್ ಮೇ ತಿಂಗಳಲ್ಲೂ ಹರಿಯುತ್ತದೆ. ಕಾರಣ ಘಟ್ಟದ ಮೇಲಿದೆ. ಟಾಟಾ ಸಂಸ್ಥೆ ಲೋಣಾವಳಾ ಕಡೆಯ ಕೆರೆಗಳ ನೀರನ್ನು ಕೊಳವೆಗಳಲ್ಲಿ ಘಟ್ಟದ ಕೆಳಕ್ಕೆ ಬೀಳಿಸಿ ವಿದ್ಯುತ್ ತೆಗೆಯಲು ತೊಡಗಿದ್ದು 1915ರಲ್ಲಿ, ಖೋಪೋಲಿಯಲ್ಲಿ. 1922ರಲ್ಲಿ ಕರ್ಜತ್ ಬಳಿಯ ಭಿವಪುರಿ ವಿದ್ಯುದಾಗಾರ ಶುರುವಾಯಿತು. ಅದಕ್ಕೆ ನೀರು ಬರುವುದು ಆಂಧ್ರಾ ಕೆರೆಯಿಂದ. ಆಂಧ್ರ ಪ್ರದೇಶಕ್ಕೂ ಇದಕ್ಕೂ ಸಂಬಂಧವಿಲ್ಲ, ಅದು ಆಂಧ್ರಾ ಎಂಬ ಪುಟ್ಟ ನದಿಯ ಹೆಸರು. ಆ ನದಿ ಇಂದ್ರಾಯಣಿ ಸೇರುತ್ತದೆ, ಇಂದ್ರಾಯಣಿ ಭೀಮೆಯನ್ನು. ಭೀಮೆ ಪಂಢರಪುರ ದಾಟಿ ವಿಜಯಪುರ, ಕಲಬುರಗಿ ಜಿಲ್ಲೆಗಳಿಗೆ ಬರುತ್ತಾಳೆ. ಪೂರ್ವಕ್ಕೆ ಹರಿದು ಕನ್ನಡನಾಡಿಗೆ ಬರಬೇಕಾಗಿದ್ದ ನೀರಿನ ಒಂದು ಪಾಲು ವಿದ್ಯುತ್ ಕೊಟ್ಟು, ಉಲ್ಹಾಸ್‌ಗೆ ಬಿದ್ದು, ಡೊಂಬಿವಲಿಯ ನಳದಲ್ಲಿ ಬರುತ್ತದೆ. ಭೀಮಾತೀರದಿಂದ ಬಂದು ಇಲ್ಲಿ ಮನೆ ಮಾಡಿದವರ ಕೊಡಕ್ಕೆ ಅವರ ಹೊಳೆಯದೇ ನೀರು.

ಕೇಳಲು ಚೆಂದದ ಕತೆ, ನಿಗಾಕ್ಕೆ ಮಾತ್ರ ತೊಡಕು. ಬೇಸಿಗೆಯ ಉಲ್ಹಾಸ್‌ನಲ್ಲಿ ಹರಿವು ತಗ್ಗಿದರೆ ಅದು ಕಣಿವೆಯ ಬರವೋ, ಭಿವಪುರಿಯಲ್ಲಿ ಯಂತ್ರ ನಿಲ್ಲಿಸಿದ್ದೋ ಬರೀ ಅಂಕಿಯಿಂದ ಹೇಳಲಾಗದು. ಹರಿವು ವಾಡಿಕೆಗಿಂತ ಎಷ್ಟು ಕೆಳಗಿದೆ ಎಂದು ಹೇಳುವ ಹರಿವಿನ ಬರ ಸೂಚ್ಯಂಕವನ್ನು ಗ್ರೀಸಿನ ನಲ್‌ಬಾಂಟಿಸ್ ಮತ್ತು ತ್ಸಾಕಿರಿಸ್ 2009ರಲ್ಲಿ ಮಂಡಿಸಿದರು. ಅದು ತನ್ನ ಪಾಡಿಗೆ ಹರಿಯುವ ಹೊಳೆಗೆ ಮಾಡಿದ ಲೆಕ್ಕ. ಕಟ್ಟೆಗಳ ಕೈಯಲ್ಲಿರುವ ಉಲ್ಹಾಸ್‌ಗೆ ಅದನ್ನು ನೇರ ಹಚ್ಚಿದರೆ ದಾರಿ ತಪ್ಪುತ್ತದೆ.

ಆದ್ದರಿಂದ ಇಲ್ಲಿ ಹೊಳೆಗಿಂತ ಅಣೆಕಟ್ಟೆಯ ಮಟ್ಟವೇ ಆಡುಮಾತಿನ ಬರಮಾಪಕವಾಯಿತು. ಬದ್ಲಾಪುರದ ಬಳಿಯ ಬಾರವಿ ಕಟ್ಟೆ 1970ರ ದಶಕದ್ದು, ರಾಜ್ಯದ ಕೈಗಾರಿಕಾ ಅಭಿವೃದ್ಧಿ ನಿಗಮದ ಆಸ್ತಿ. ಹಂತ ಹಂತವಾಗಿ ಎತ್ತರಿಸಿದ ಈ ಕಟ್ಟೆಯ ನೀರು ನಿಲ್ಲುವ ಮಟ್ಟ 68.60 ಮೀಟರಿನಿಂದ 72.60ಕ್ಕೆ ಏರಿತು. ಸಂಗ್ರಹ ಸುಮಾರು 234 ದಶಲಕ್ಷ ಘನ ಮೀಟರಿನಿಂದ 340ರ ಹತ್ತಿರಕ್ಕೆ ಹೋಯಿತು. ಪತ್ರಿಕೆಗಳಲ್ಲಿ ಬರುವ ಬಾರವಿಯ ಶೇಕಡಾವಾರನ್ನು ಹಳೆಯ ವರ್ಷಗಳ ಜೊತೆ ಹೋಲಿಸುವವರು ಇದನ್ನು ಮರೆಯುತ್ತಾರೆ: ಈಗಿನ ಶೇ 70 ಆಗಿನ ತುಂಬಿದ ಕಟ್ಟೆಗೆ ಸಮ. ನವಿ ಮುಂಬಯಿಯ ಕತೆ ಬೇರೆ. ಅಲ್ಲಿನ ಪಾಲಿಕೆ ರಾಯಗಡ ಜಿಲ್ಲೆಯ ಖಾಲಾಪುರ ತಾಲ್ಲೂಕಿನಲ್ಲಿ ಧಾವರಿ ನದಿಗೆ ಕಟ್ಟಿದ ಮೊರಬೆ ಅಣೆಕಟ್ಟನ್ನು 2002ರಲ್ಲಿ ಕೊಂಡುಕೊಂಡಿತು. 190.89 ದಶಲಕ್ಷ ಘನ ಮೀಟರ್ ಹಿಡಿಯುವ ಸ್ವಂತ ಕಟ್ಟೆ ಇದ್ದದ್ದರಿಂದ ನೆರೆಯ ಊರುಗಳಲ್ಲಿ ನಳ ನಿಂತಾಗಲೂ ಅದು ಹೆಚ್ಚು ಸುರಕ್ಷಿತ.

ಅಕ್ಟೋಬರ್ 15ರಂದು ಕಟ್ಟೆಗಳಲ್ಲಿ ಎಷ್ಟಿದೆ ಎಂದು ನೋಡಿ, ಅದನ್ನು ಮುಂದಿನ ಜುಲೈ 15ರವರೆಗೆ ಹಂಚುವುದು ಮಹಾರಾಷ್ಟ್ರದ ಪದ್ಧತಿ. ಇರುವ ನೀರಿಗಿಂತ ಬೇಡಿಕೆ ಹೆಚ್ಚಿದ್ದರೆ ‘ಪಾಣೀ ಕಪಾತ್’, ಅಂದರೆ ನೀರಿನ ಕಡಿತ. ಡೊಂಬಿವಲಿಯ ಕನ್ನಡ ಮನೆಗಳಲ್ಲೂ ಅದಕ್ಕೆ ಇದೇ ಮಾತು. ದೇಶದ ಮುಂಗಾರು ಶೇ 14ರಷ್ಟು ತಗ್ಗಿದ 2015ರಲ್ಲಿ ಬಾರವಿ, ಆಂಧ್ರಾ ಎರಡೂ ಕಟ್ಟೆಗಳ ಲೆಕ್ಕ ತಪ್ಪಿತು. ಆ ವರ್ಷದ ಚಳಿಗಾಲಕ್ಕೆ ಮೊದಲೇ ಕಡಿತ ಶುರುವಾಗಿ, 2016ರ ಬೇಸಿಗೆಯಲ್ಲಿ ವಾರಕ್ಕೆ ಎರಡು ಮೂರು ದಿನ ನಳ ಬಂದ್ ಆಗುವವರೆಗೆ ಹೋಯಿತು. ಘಟ್ಟದ ಆಚೆಯ ಬರ ಈಚೆಯ ಊರನ್ನು ಹೇಗೆ ಹಿಡಿಯುತ್ತದೆ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಡ. ತಮಾಷೆಯೆಂದರೆ, ಹವಾಮಾನ ಇಲಾಖೆ ಬರ ಎಂಬ ಪದವನ್ನೇ ತನ್ನ ಪರಿಭಾಷೆಯಿಂದ ಕೈಬಿಟ್ಟು ‘ಕೊರತೆಯ ವರ್ಷ’ ಎನ್ನತೊಡಗಿದ್ದೂ 2016ರಲ್ಲೇ.

ಬಾವಿ

ಇಡೀ ಪ್ರದೇಶ ದಖನ್ನಿನ ಕರಿಕಲ್ಲಿನ ಮೇಲೆ ಕೂತಿದೆ. ಅಗ್ನಿಶಿಲೆಯ ಈ ಪದರಗಳಲ್ಲಿ ನೀರು ಹಿಡಿಯುವುದು ಮೇಲಿನ ಸವೆದ ಕೆಲವು ಮೀಟರ್ ಮತ್ತು ಬಿರುಕುಗಳು ಮಾತ್ರ. ಜುಲೈಯಲ್ಲಿ ಬಾವಿ ಕಟ್ಟೆಯವರೆಗೆ ತುಂಬುತ್ತದೆ. ಅಲ್ಲಿಂದ ಮುಂದೆ ಬಿದ್ದ ಮಳೆಗೆ ಜಾಗವಿಲ್ಲ, ಹರಿದು ಹೋಗುತ್ತದೆ. ಮಳೆ ನಿಂತ ಮೇಲೆ ಇಳಿಜಾರಿನ ನೆಲ ತನ್ನೊಳಗಿನದನ್ನೂ ಹಳ್ಳಗಳಿಗೆ ಬಸಿದುಬಿಡುತ್ತದೆ. ಹಾಗಾಗಿ 2,000 ಮಿಲಿಮೀಟರ್ ಬೀಳಲಿ, 3,000 ಬೀಳಲಿ, ಮಾರ್ಚಿನ ಬಾವಿಗೆ ವ್ಯತ್ಯಾಸ ಅಷ್ಟಕ್ಕಷ್ಟೆ. ಸೆಪ್ಟೆಂಬರ್ ಕೊನೆ, ಅಕ್ಟೋಬರಿನ ಮಳೆ ಕೈಕೊಟ್ಟಿತೇ ಎಂಬುದೇ ಬಾವಿಗೆ ಮುಖ್ಯ. ಒಟ್ಟು ಮಳೆಯ ಅಂಕಿಯಲ್ಲಿ ಅದು ಕಾಣುವುದೇ ಇಲ್ಲ.

ಬಾವಿಗಳನ್ನು ಕ್ರಮವಾಗಿ ಅಳೆಯುವ ಕೆಲಸಕ್ಕೆ ಬಲ ಬಂದದ್ದು 1972ರ ಬರದ ಆಸುಪಾಸಿನಲ್ಲಿ, ಮಹಾರಾಷ್ಟ್ರ ಭೂಜಲ ಸರ್ವೇಕ್ಷಣ ಮತ್ತು ವಿಕಾಸ ಸಂಸ್ಥೆ ಬಂದ ಮೇಲೆ. ರಾಜ್ಯವನ್ನು ಸಾವಿರದೈನೂರು ಜಲಾನಯನಗಳಾಗಿ ವಿಂಗಡಿಸಿ, ಆಯ್ದ ಬಾವಿಗಳನ್ನು ಅಕ್ಟೋಬರ್, ಜನವರಿ, ಮಾರ್ಚ್, ಮೇ ತಿಂಗಳಲ್ಲಿ ನೋಡುವ ರೂಢಿ ಬೆಳೆಯಿತು. ಅಳೆಯುವ ಬಗೆ ಹಳೆಯದು. ಉಕ್ಕಿನ ಟೇಪಿನ ತುದಿಗೆ ಒಂದೆರಡು ಮೀಟರ್ ಸೀಮೆಸುಣ್ಣ ಉಜ್ಜಿ, ಭಾರ ಕಟ್ಟಿ ಕೆಳಗೆ ಬಿಡುತ್ತಾರೆ. ಮೇಲೆಳೆದಾಗ ಸುಣ್ಣ ಎಲ್ಲಿಯವರೆಗೆ ಒದ್ದೆಯಾಗಿ ಬಣ್ಣ ತಿರುಗಿದೆಯೋ ಅದು ನೀರು. ಕಟ್ಟೆಯ ಮೇಲೆ ಟೇಪ್ ಹಿಡಿದ ಅಂಕಿಯಿಂದ ಅದನ್ನು ಕಳೆದು, ಕಟ್ಟೆಯ ಎತ್ತರವನ್ನೂ ಕಳೆದರೆ ನೆಲದಿಂದ ನೀರು ಎಷ್ಟು ಕೆಳಗಿದೆ ಎಂದು ಸಿಗುತ್ತದೆ. ಬೇಸಿಗೆಯಲ್ಲಿ ಟೇಪು ಒಣಗಿಯೇ ಮೇಲೆ ಬಂದರೆ ಪುಸ್ತಕದಲ್ಲಿ ಅಂಕಿ ಬರೆಯುವಂತಿಲ್ಲ, ‘ಒಣಬಾವಿ’ ಎಂದೇ ಬರೆಯಬೇಕು. ಸರಾಸರಿ ತೆಗೆಯುವಾಗ ಇಂಥ ಬಾವಿಗಳು ಲೆಕ್ಕದಿಂದ ಬಿಟ್ಟುಹೋಗುವ ಅಪಾಯವಿದೆ. ಅತಿ ಕೆಟ್ಟ ಸ್ಥಿತಿಯ ಬಾವಿಯೇ ಕಾಣೆಯಾಗಿ, ಸರಾಸರಿ ಇದ್ದುದಕ್ಕಿಂತ ಚೆನ್ನಾಗಿ ಕಾಣುತ್ತದೆ.

ಇನ್ನೊಂದು ತೊಡಕು ವರ್ಗೀಕರಣದ್ದು. ಕೇಂದ್ರ ಅಂತರ್ಜಲ ಮಂಡಳಿ ವರ್ಷದಲ್ಲಿ ಇಂಗುವ ನೀರಿಗೂ ಎತ್ತುವ ನೀರಿಗೂ ತಾಳೆ ಹಾಕುತ್ತದೆ. ಶೇ 70ರವರೆಗೆ ಎತ್ತಿದರೆ ‘ಸುರಕ್ಷಿತ’. ಠಾಣೆಯ ಗ್ರಾಮೀಣ ತಾಲ್ಲೂಕುಗಳು ಈ ಪಟ್ಟಿಯಲ್ಲಿ ಸುರಕ್ಷಿತ, ಏಕೆಂದರೆ ಎತ್ತಲು ನೀರು ನಿಲ್ಲುವುದೇ ಇಲ್ಲ. ಶಹಾಪುರ ತಾಲ್ಲೂಕಿನಲ್ಲಿ ಭಾತ್ಸಾ, ತಾನ್ಸಾ ಕಟ್ಟೆಗಳಿವೆ. ಮುಂಬಯಿಯ ಏಳು ಕೆರೆಗಳ ಒಟ್ಟು ಸಂಗ್ರಹ 14.47 ಲಕ್ಷ ದಶಲಕ್ಷ ಲೀಟರ್; ಅದರಲ್ಲಿ ಅರ್ಧದಷ್ಟು ಭಾತ್ಸಾ ಒಂದರದ್ದು. ಅದೇ ತಾಲ್ಲೂಕಿನ ಆದಿವಾಸಿ ಪಾಡಾಗಳು (ಕೇರಿಗಳು) ಬೇಸಿಗೆಯಲ್ಲಿ ಟ್ಯಾಂಕರ್ ಕಾಯುತ್ತವೆ. ಮುರಬಾಡದ ಗುಡ್ಡದ ಹಳ್ಳಿಗಳದ್ದೂ ಅದೇ ಪಾಡು. ಟ್ಯಾಂಕರಿನ ಸಂಖ್ಯೆಯೇ ಇಲ್ಲಿ ಅಂತರ್ಜಲದ ಸೂಚ್ಯಂಕಕ್ಕಿಂತ ನಂಬಿಕಸ್ತ ಎನಿಸುವುದು ಅದಕ್ಕೇ.

ಸೂಚ್ಯಂಕಗಳ ಕಾಲ

1993ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ಮೆಕ್‌ಕೀ ಮತ್ತು ಸಂಗಡಿಗರು ಪ್ರಮಾಣೀಕೃತ ಮಳೆ ಸೂಚ್ಯಂಕವನ್ನು ರೂಪಿಸಿದರು. ಒಂದು ತಿಂಗಳ, ಮೂರು ತಿಂಗಳ, ಹನ್ನೆರಡು ತಿಂಗಳ ಮಳೆಯನ್ನು ಅದೇ ಊರಿನ ಹಳೆಯ ದಾಖಲೆಯೊಂದಿಗೆ ಹೋಲಿಸಿ ಒಂದು ಅಂಕಿ ಕೊಡುವುದರಿಂದ, ಠಾಣೆಯನ್ನೂ ವಿಜಯಪುರವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದಾಯಿತು. ಭಾರತದ ಬರ ಕೈಪಿಡಿ 2009ರಲ್ಲಿ ಬಂತು. 2016ರ ಪರಿಷ್ಕರಣೆಯಲ್ಲಿ ಮಳೆಯ ಕೊರತೆ ಮೊದಲ ಬಾಗಿಲಾಯಿತು. ಅದನ್ನು ದಾಟಿದ ಮೇಲಷ್ಟೇ ಬೆಳೆ, ಉಪಗ್ರಹ ಚಿತ್ರ, ಮಣ್ಣಿನ ತೇವ, ಕಟ್ಟೆ–ಹೊಳೆ–ಬಾವಿಗಳ ಸೂಚಿಗಳು ಪರಿಗಣನೆಗೆ ಬರುತ್ತವೆ. ಮಳೆ ಸುರಿದೂ ನೀರಿಲ್ಲದ ಊರು ಈ ಮೊದಲ ಬಾಗಿಲಲ್ಲೇ ನಿಂತುಬಿಡುತ್ತದೆ.

ಉಪಕರಣಗಳಲ್ಲಿ ಕರ್ನಾಟಕ ಮುಂದಿತ್ತು. ಎಂಬತ್ತರ ದಶಕದ ಸಾಲುಬರದ ನಂತರ 1988ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಬರ ಉಸ್ತುವಾರಿ ಕೋಶ ದೇಶದಲ್ಲೇ ಮೊದಲನೆಯದು. 2007ರಲ್ಲಿ ಅದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ, ಗ್ರಾಮ ಪಂಚಾಯ್ತಿಗೊಂದರಂತೆ 6,000ಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ಕೂರಿಸಿತು. ಮಹಾರಾಷ್ಟ್ರದಲ್ಲಿ 2017ರ ನಂತರ ಮಹಾವೇಧ ಯೋಜನೆಯಡಿ ಮಹಸೂಲ್ ಮಂಡಲಕ್ಕೊಂದರಂತೆ (ಕಂದಾಯ ವೃತ್ತಕ್ಕೊಂದರಂತೆ) 2,000ಕ್ಕೂ ಹೆಚ್ಚು ಹವಾಮಾನ ಕೇಂದ್ರಗಳು ಬಂದವು. ಬಾವಿಯ ಕಡೆ, ವಿಶ್ವಬ್ಯಾಂಕ್ ನೆರವಿನ ಜಲವಿಜ್ಞಾನ ಯೋಜನೆ 1995ರಿಂದ ಅಳತೆಗೆಂದೇ ಕೊರೆದ ಕೊಳವೆಗಳನ್ನೂ, ತಾನಾಗಿ ನೀರಮಟ್ಟ ದಾಖಲಿಸುವ ಯಂತ್ರಗಳನ್ನೂ ತಂದಿತು. 2016ರಲ್ಲಿ ಆರಂಭವಾದ ರಾಷ್ಟ್ರೀಯ ಜಲವಿಜ್ಞಾನ ಯೋಜನೆ ಅದನ್ನು ಮುಂದುವರಿಸಿತು.

ಇಂಥ ಯಂತ್ರದ ಅಗತ್ಯ ಹೆಚ್ಚು ಕಾಣುವುದು ಜೂನ್‌ನಲ್ಲಿ. ಕೈಯಿಂದ ಅಳೆಯುವ ಬಾವಿಗೆ ಮೇ ನಂತರದ ಸರದಿ ಮಳೆ ಬಂದ ಮೇಲಿನದು, ಮಳೆ ಸಮಯಕ್ಕೆ ಬರುತ್ತದೆ ಎಂಬ ನಂಬಿಕೆಯ ಮೇಲೆ ಹಾಕಿಕೊಂಡ ಸರದಿ ಅದು. 2023ರಲ್ಲಿ ಮುಂಬಯಿಗೂ ದೆಹಲಿಗೂ ಮುಂಗಾರು ಕಾಲಿಟ್ಟದ್ದು ಒಂದೇ ದಿನ, ಜೂನ್ 25ರಂದು. ಮುಂಬಯಿಗೆ ಎರಡು ವಾರ ತಡ. ಆ ಎರಡು ವಾರ ಶಹಾಪುರದ ತೆರೆದ ಬಾವಿಗಳಿಗೆ ಟೇಪು ಇಳಿಸುವ ಸರದಿ ಯಾರದೂ ಆಗಿರಲಿಲ್ಲ, ಹಗ್ಗ ಕಟ್ಟಿದ ಕೊಡ ಮಾತ್ರ ಇಳಿಯುತ್ತಿತ್ತು.