ಕೊಟ್ಟಿಗೆ ಗೊಬ್ಬರದಲ್ಲಿ ಕಳೆ ಬೀಜ: ಬಿಸಿಯೇ ಮದ್ದು

ಮಣ್ಣಿನ ಫಲವತ್ತತೆ ಹೆಚ್ಚಿಸಲೆಂದು ಹೊಲಕ್ಕೆ ಹಾಕುವ ಕೊಟ್ಟಿಗೆ ಗೊಬ್ಬರವೇ ಅನೇಕ ಬಾರಿ ಕಳೆಯ ಬೀಜಗಳನ್ನೂ ಹೊತ್ತು ತರುತ್ತದೆ. ಸರಿಯಾಗಿ ಕಳಿಯದ ಗೊಬ್ಬರ ಬಿದ್ದ ಹೊಲದಲ್ಲಿ ಪೈರಿನ ಜತೆಗೇ ಕಳೆಯೂ ತಲೆ ಎತ್ತುತ್ತದೆ. ರಸಗೊಬ್ಬರದ ಖರ್ಚು ಉಳಿಸಹೊರಟ ರೈತ ಅದೇ ಹಣವನ್ನು ಕಳೆ ತೆಗೆಸುವ ಕೂಲಿಗೆ ತೆರಬೇಕಾಗುತ್ತದೆ.

ಬೀಜ ಸೇರುವ ಬಗೆ

ಕಳೆ ಬೀಜ ಎರಡು ದಾರಿಗಳಲ್ಲಿ ಗೊಬ್ಬರ ಸೇರುತ್ತದೆ. ಮೇವಿನೊಂದಿಗೆ ಜಾನುವಾರುಗಳ ಹೊಟ್ಟೆ ಸೇರಿ ಸಗಣಿಯಲ್ಲಿ ಹೊರಬರುವುದು ಒಂದು. ತಿಂದುಳಿದ ಮೇವು, ಕಣದ ಕಸ ಹಾಗೂ ಕಿತ್ತ ಕಳೆಯನ್ನು ತಿಪ್ಪೆಗೆ ಎಸೆಯುವುದು ಇನ್ನೊಂದು.

ದನಗಳು ಮೆಲುಕು ಹಾಕಿದರೂ ಎಲ್ಲ ಬೀಜಗಳೂ ಜೀರ್ಣವಾಗುವುದಿಲ್ಲ. ಗಟ್ಟಿ ಸಿಪ್ಪೆಯ ಬೀಜಗಳು ಹಾಗೂ ಹರಿವೆ ಜಾತಿಯ ಕಳೆಗಳ ಸಣ್ಣ ಬೀಜಗಳಲ್ಲಿ ಒಂದಿಷ್ಟು ಪಾಲು ಜೀವಂತವಾಗಿಯೇ ಹೊರಬೀಳುತ್ತದೆ.

ರಾಜ್ಯದ ಒಣಭೂಮಿಯಲ್ಲಿ ವ್ಯಾಪಿಸಿರುವ ಬಳ್ಳಾರಿ ಜಾಲಿ ಇದಕ್ಕೆ ಸ್ಪಷ್ಟ ನಿದರ್ಶನ. ಅಮೆರಿಕ ಖಂಡದ ಮೂಲದ ಈ ಗಿಡ 19ನೇ ಶತಮಾನದ ಉತ್ತರಾರ್ಧದಲ್ಲಿ ಭಾರತಕ್ಕೆ ಬಂತು. ಇದರ ಸಿಹಿ ಕಾಯಿಗಳನ್ನು ದನ, ಮೇಕೆಗಳು ಇಷ್ಟಪಟ್ಟು ತಿನ್ನುತ್ತವೆ. ಹೊಟ್ಟೆಯಲ್ಲಿ ಸಿಪ್ಪೆ ಮೆದುವಾದ ಬೀಜ, ಸಗಣಿ ಬಿದ್ದಲ್ಲಿ ಸುಲಭವಾಗಿ ಮೊಳೆಯುತ್ತದೆ.

ಹಳೆಯದಾದರೆ ಸಾಲದು

ತಿಪ್ಪೆಯಲ್ಲಿ ಬಹುಕಾಲ ಬಿದ್ದ ಗೊಬ್ಬರದಲ್ಲಿ ಕಳೆ ಇರದು ಎಂಬ ನಂಬಿಕೆ ಪೂರ್ಣ ಸತ್ಯವಲ್ಲ. ಕಾಲ ಕಳೆದಂತೆ ಹಲವು ಬೀಜಗಳು ಸಾಯುತ್ತವೆಯಾದರೂ ಬೀಜನಾಶಕ್ಕೆ ಮುಖ್ಯವಾಗಿ ಬೇಕಾದುದು ಶಾಖ. ತೇವಾಂಶವಿರುವ ರಾಶಿಯಲ್ಲಿ 55ರಿಂದ 65 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ಹಲವು ದಿನ ಉಳಿದರೆ ಬಹುತೇಕ ಕಳೆ ಬೀಜಗಳು ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತವೆ. ಆದರೆ ಈ ಬಿಸಿ ರಾಶಿಯ ಒಳಭಾಗದಲ್ಲಿ ಮಾತ್ರ ಇರುತ್ತದೆ. ಮೇಲ್ಪದರ ತಣ್ಣಗಿದ್ದು, ಅಲ್ಲಿನ ಬೀಜಗಳು ಉಳಿದುಬಿಡುತ್ತವೆ. ಆದ್ದರಿಂದ ರಾಶಿಯನ್ನು ಹಲವು ಬಾರಿ ಮಗುಚಿ, ಹೊರಗಿನದನ್ನು ಒಳಗೆ ಸೇರಿಸುವುದು ಅವಶ್ಯ. ಒಣಗಿದ ರಾಶಿ ಬಿಸಿಯಾಗದ ಕಾರಣ ನೀರು ಚಿಮುಕಿಸಬೇಕು.

ಎರೆಗೊಬ್ಬರದ ತೊಟ್ಟಿಯಲ್ಲಿ ಇಷ್ಟು ಶಾಖ ಉಂಟಾದರೆ ಎರೆಹುಳುಗಳೇ ಬದುಕಲಾರವು. ಹಾಗಾಗಿ ಸಗಣಿ, ಕಸಕಡ್ಡಿಗಳನ್ನು ಮೊದಲು ಬಿಸಿ ಏರುವಂತೆ ಕಳಿಸಿ, ತಣಿದ ನಂತರವೇ ತೊಟ್ಟಿಗೆ ತುಂಬುವುದು ಸೂಕ್ತ.

ಮುನ್ನೆಚ್ಚರಿಕೆ

ಪಾರ್ಥೇನಿಯಂ ಸೇರಿದಂತೆ ಯಾವುದೇ ಕಳೆಯನ್ನು ಹೂ ಬಿಡುವ ಮೊದಲೇ ಕಿತ್ತು ಗೊಬ್ಬರದ ಗುಂಡಿಗೆ ಹಾಕಬೇಕು. ಪಾರ್ಥೇನಿಯಂ ಕೀಳುವಾಗ ಕೈಗವಸು ಧರಿಸುವುದು ಒಳಿತು. ಜೇಕಿನ ಗೆಡ್ಡೆ, ಗರಿಕೆಯ ಬೇರುಗಳನ್ನು ಬಿಸಿಲಿನಲ್ಲಿ ಸಂಪೂರ್ಣ ಒಣಗಿಸದೆ ತಿಪ್ಪೆಗೆ ಎಸೆಯಬಾರದು.

ಹೊರಗಿನಿಂದ ತಂದ ದನಗಳ ಹೊಟ್ಟೆಯಲ್ಲಿ ಕೆಲವು ದಿನ ಹಿಂದಿನ ಮೇವಿನ ಬೀಜಗಳಿರುತ್ತವೆ. ಅಷ್ಟು ದಿನ ಅವುಗಳನ್ನು ಹೊಲಕ್ಕೆ ಬಿಡದೆ ಕೊಟ್ಟಿಗೆಯಲ್ಲಿಯೇ ಕಟ್ಟುವುದು ಒಳ್ಳೆಯದು.

ಗೊಬ್ಬರ ಕೊಳ್ಳುವವರು ಮೊದಲೇ ಪರೀಕ್ಷೆ ನಡೆಸಬಹುದು. ರಾಶಿಯ ನಾಲ್ಕಾರು ಕಡೆಯಿಂದ ತೆಗೆದ ಗೊಬ್ಬರವನ್ನು ಶುದ್ಧ ಮರಳಿನೊಂದಿಗೆ ಬೆರೆಸಿ ಅಗಲವಾದ ಬುಟ್ಟಿಯಲ್ಲಿ ಹರಡಿ, ಎರಡು ಮೂರು ವಾರ ತೇವ ಆರದಂತೆ ನೋಡಿಕೊಳ್ಳಬೇಕು. ಮೊಳಕೆಗಳು ದಟ್ಟವಾಗಿ ಕಾಣಿಸಿಕೊಂಡರೆ ಆ ಗೊಬ್ಬರವನ್ನು ಮತ್ತೆ ಕಳಿಸದೆ ಹೊಲಕ್ಕೆ ಹಾಕಬಾರದು.