ಕಂದು ಕೋವಿ, ನೀಲಿ ಕೋವಿ: ಲೋಹವರ್ಣದ ಐತಿಹಾಸಿಕ ಸಾಕ್ಷ್ಯ

ಪುಣೆಯ ರಾಜಾ ದಿನಕರ ಕೇಳ್ಕರ್ ವಸ್ತುಸಂಗ್ರಹಾಲಯದಲ್ಲಿ ದೀಪ, ಅಡಕೊತ್ತು, ವಾದ್ಯಗಳೊಡನೆ ಹಳೆಯ ಆಯುಧಗಳೂ ಇವೆ. ದಿನಕರ ಗಂಗಾಧರ ಕೇಳ್ಕರರು (1896–1990) ಆಯುಷ್ಯವನ್ನೇ ಧಾರೆಯೆರೆದು ಕೂಡಿಸಿದ ಈ ಸಂಗ್ರಹವು ಮುಂದೆ ಮಹಾರಾಷ್ಟ್ರ ಸರಕಾರಕ್ಕೆ ಸೇರಿತು. ಇಂತಹ ಸಂಗ್ರಹಗಳಲ್ಲಿ ಹಳೆಯ ಕೋವಿಯನ್ನು ಕಂಡವರು ಅದರ ಕೆತ್ತನೆಯನ್ನು ನೋಡುತ್ತಾರೆ, ಲಿಪಿಯನ್ನು ಓದುತ್ತಾರೆ. ನಳಿಗೆಯ ಬಣ್ಣವನ್ನು ಮಾತ್ರ ಕಾಲದ ಮಾಸಲೆಂದು ಬಿಟ್ಟುಬಿಡುತ್ತಾರೆ. ಆದರೆ ಆ ಬಣ್ಣವೂ ಒಂದು ಬಗೆಯ ಶಾಸನವೇ.

ಕಂದುಬಣ್ಣವೆಂದರೆ ಬೇಕೆಂದೇ ಬರಿಸಿದ ತುಕ್ಕು. ಜಿಡ್ಡು ತೆಗೆದ ಕಬ್ಬಿಣಕ್ಕೆ ಆಮ್ಲ, ಲವಣಗಳ ದ್ರಾವಣವನ್ನು ತೆಳುವಾಗಿ ಸವರಿ, ತೇವದ ಎಡೆಯಲ್ಲಿಟ್ಟು, ಎದ್ದ ತುಕ್ಕನ್ನು ಉಜ್ಜಿ, ಮತ್ತೆ ಸವರುವರು. ಹೀಗೆ ಹಲವು ಬಾರಿ ಮಾಡಿದಾಗ ಒತ್ತಾದ ಪದರವೊಂದು ನಿಲ್ಲುತ್ತದೆ. 18ನೆಯ ಶತಮಾನದ ಬ್ರಿಟಿಷ್ ಪದಾತಿಗಳ ಬಂದೂಕುಗಳು ಸಾಮಾನ್ಯವಾಗಿ ಬೆಳ್ಳಗೆ ಹೊಳೆಯುತ್ತಿದ್ದವು. ನಳಿಗೆಗಳನ್ನು ಕಂದಾಗಿಸುವ ಕ್ರಮವು 19ನೆಯ ಶತಮಾನದ ಆರಂಭದಲ್ಲಿ ರೂಢವಾಯಿತು. ಅದರಿಂದ ವೈರಿಯ ಕಣ್ಣಿಗೆ ಬೀಳುವ ಹೊಳಪು ಅಡಗಿತು. ದಿನವೂ ಉಜ್ಜುವ ಶ್ರಮವೂ ಇಳಿಯಿತು.

ಈ ಕಂದನ್ನು ನೀಲಿಯಾಗಿಸಲು ನಳಿಗೆಯನ್ನು ಶುದ್ಧಜಲದಲ್ಲಿ ಕುದಿಸಿದರೆ ಸಾಕು. ಕೆಂಪು ತುಕ್ಕೆಂಬ ಜಲಯುಕ್ತ ಫೆರಿಕ್ ಆಕ್ಸೈಡು ಕುದಿನೀರಿನಲ್ಲಿ ಕಪ್ಪು ಮ್ಯಾಗ್ನೆಟೈಟಾಗಿ ಮಾರ್ಪಡುತ್ತದೆ. ಮೇಲೆ ನಿಂತ ಮಸಿಯನ್ನು ನವಿರಾದ ತಂತಿಯ ಕುಂಚದಿಂದ ಉಜ್ಜಿ ಎಣ್ಣೆ ಸವರಿದಾಗ ನೀಲಿಗಪ್ಪು ಛಾಯೆ ಮೂಡುತ್ತದೆ. ಕಂದಿನ ಮೇಲೆ ಅರಗನ್ನೋ ವಾರ್ನಿಷನ್ನೋ ಬಳಿದಿದ್ದರೆ ಮೊದಲು ಅದನ್ನು ತೆಗೆಯಬೇಕು.

ಇತಿಹಾಸಕಾರನು ಎಚ್ಚರಿಕೆಯಿಂದಿರಬೇಕಾದುದು ಇಲ್ಲಿಯೇ. 18ನೆಯ ಶತಮಾನದ ಉತ್ತಮ ಕೋವಿಗಳಲ್ಲಿಯೂ ನೀಲಿಯುಂಟು; ಆದರೆ ಅದು ಬೆಂಕಿಯ ನೀಲಿ. ನಯಗೊಳಿಸಿದ ಉಕ್ಕನ್ನು ಸುಮಾರು 300 ಸೆಂಟಿಗ್ರೇಡಿಗೆ ಕಾಯಿಸಿದಾಗ ಹೊಂಬಣ್ಣ, ಕಂದು, ನೇರಳೆಗಳನ್ನು ದಾಟಿ ನೀಲಿ ಬರುತ್ತದೆ. ಅದರ ಪೊರೆ ಬಹು ತೆಳು, ಬೇಗ ಸವೆಯುತ್ತದೆ. ಬಣ್ಣ ಒಂದೇ ಎನಿಸಿದರೂ ಜನ್ಮ ಬೇರೆ. ಬರಿಯ ನೀಲಿಯನ್ನು ಕಂಡು ಕಾಲನಿರ್ಣಯ ಮಾಡಲಾಗದು.

ಕನ್ನಡನಾಡಿಗೆ ಈ ವಿಚಾರ ಹೊರಗಿನದಲ್ಲ. ಬಿದರಿಯ ಕುಶಲಿಗಳು ಬೀದರ ಕೋಟೆಯ ಮಣ್ಣು, ನವಸಾಗರಗಳಿಂದ ಸತುವಿನ ಮಿಶ್ರಲೋಹವನ್ನು ಕಪ್ಪಾಗಿಸಿ ಬೆಳ್ಳಿಯ ಕುಸುರಿಯನ್ನು ಬೆಳಗಿಸುತ್ತಾರೆ. ಲೋಹವನ್ನು ಬೇಕೆಂದೇ ಮಾಸಿಸಿ ಚೆಲುವುಗೊಳಿಸುವ ವಿದ್ಯೆ ಅಲ್ಲಿಯೂ ಒಂದೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟೀಪುವಿನ ಕೋವಿಗಳು ದೇಶಾಂತರಗಳಿಗೆ ಚದರಿಹೋದವು. ಕೊಡಗಿನಲ್ಲಿ ಕೈಲ್‌ಪೊಳ್ದಿನಂದು ಮನೆಯ ಕೋವಿಗೆ ಹೂವೇರಿಸುತ್ತಾರೆ; ಪುಣೆಯಲ್ಲಿ ಖಂಡೇನವಮಿಯಂದು ಆಯುಧಗಳಿಗೆ ಪೂಜೆ ಸಲ್ಲುತ್ತದೆ. ಪೂಜೆಗೆಂದು ಭಕ್ತಿಯಿಂದ ಉಜ್ಜುವ ಕೈಯೇ ಅರಿಯದೆ ಸಾಕ್ಷ್ಯವನ್ನು ಅಳಿಸಬಹುದು.

ಹಳೆಯ ಮಾದರಿಯಲ್ಲಿ ಇಂದು ಮಾಡಿದ ಕೋವಿಯ ಭಾಗಗಳನ್ನು ಕಂದಿನಿಂದ ನೀಲಿಗೆ ತರುವುದರಲ್ಲಿ ನಷ್ಟವೇನೂ ಇಲ್ಲ. ಹಳೆಯ ವಿದ್ಯೆ ಉಳಿಯಲು ಅದೇ ದಾರಿ. ನಿಜವಾದ ಪುರಾತನ ನಳಿಗೆಯ ಮಾತು ಬೇರೆ. ಕುದಿನೀರು ಅರೆಗಳಿಗೆಯಲ್ಲಿ ಬದಲಿಸಿದುದನ್ನು ಕೆರೆದಲ್ಲದೆ ಹಿಂದಕ್ಕೆ ತರಲಾಗದು. ಕೆರೆದಾಗ ಮುದ್ರೆ, ಅಕ್ಷರಗಳ ಅಂಚೂ ಸವೆಯುತ್ತದೆ. ಚೆಲುವಾಗಿ ಕಾಣಲೆಂದು ಹಳೆಯದನ್ನು ಹೊಸದಾಗಿಸಿದವನು ಪೂರ್ವಿಕರ ಕೋವಿಯನ್ನು ಉಳಿಸಿಕೊಂಡರೂ ಅದರ ನುಡಿಯನ್ನು ಕಳೆದುಕೊಳ್ಳುತ್ತಾನೆ.